ಯಜಮಾನರ ಕಾಲಾನಂತರ ಸಣ್ಣ ಸಲಹಾ ಕಚೇರಿಯ ಮಾರಾಟ

ಮುಂಬಯಿಯ ಫೋರ್ಟ್ ಭಾಗದ ಹಳೆಯ ಕಟ್ಟಡಗಳಲ್ಲಿ, ದಾದರ್, ಮಾಟುಂಗಾ, ಅಂಧೇರಿಗಳ ಒಳರಸ್ತೆಗಳಲ್ಲಿ ಕನ್ನಡಿಗರ ಹೆಸರು ಹೊತ್ತ ಚಿಕ್ಕ ಚಿಕ್ಕ ಸಲಹಾ ಕಚೇರಿಗಳು ಇಂದಿಗೂ ಕಾಣಸಿಗುತ್ತವೆ. ತೆರಿಗೆ ಸಲಹೆ, ಲೆಕ್ಕಪರಿಶೋಧನೆ, ಕಾರ್ಮಿಕ ಕಾಯಿದೆಗಳ ಪಾಲನೆ, ಕಟ್ಟಡ ವಿನ್ಯಾಸ, ಆಮದು-ರಫ್ತು ಪರವಾನಗಿ ಹೀಗೆ ಕೆಲಸ ಬೇರೆ ಬೇರೆಯಾದರೂ ಅವುಗಳ ರೂಪ ಒಂದೇ: ಒಬ್ಬ ಯಜಮಾನರು, ಇಬ್ಬರೋ ಮೂವರೋ ಸಹಾಯಕರು, ಕಪಾಟಿನ ತುಂಬ ಕಡತಗಳು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ಕಟ್ಟಿದ ಕಚೇರಿಗಳೂ ಇವುಗಳಲ್ಲಿವೆ. ಆ ತಲೆಮಾರು ಈಗ ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದೆ. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಬೇರೆ ಉದ್ಯೋಗ ಹಿಡಿದಿರುತ್ತಾರೆ. ಮನೆಯವರಿಗೆ ಕಚೇರಿಯ ವಿಳಾಸದ ಹೊರತು ಹೆಚ್ಚೇನೂ ತಿಳಿದಿರುವುದಿಲ್ಲ. ಅಂಥ ಕುಟುಂಬಗಳು ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ದೊರೆಯಲೆಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ನಮ್ಮ ಬಳಿಗೆ ಬಂದವರಲ್ಲಿ ಹೆಚ್ಚಿನವರು ತಡವಾಗಿ ಬಂದವರು. ಒಬ್ಬ ಮಹಿಳೆ ತಮ್ಮ ಪತಿ ತೀರಿಕೊಂಡು ಹದಿನಾಲ್ಕು ತಿಂಗಳಾದ ಮೇಲೆ ಬಂದಿದ್ದರು. ಪತಿ ಸಿ.ಎ. ಆಗಿದ್ದವರು, ಇಪ್ಪತ್ತೆಂಟು ವರ್ಷ ಒಂಟಿಯಾಗಿ ಕಚೇರಿ ನಡೆಸಿದ್ದರು. ಅಷ್ಟು ತಿಂಗಳೂ ಆಕೆ ಕೋಣೆಯ ಬಾಡಿಗೆ ಕಟ್ಟಿದ್ದರು, ಸಹಾಯಕರಿಗೆ ಸಂಬಳ ಕೊಟ್ಟಿದ್ದರು, ನಾಮಫಲಕವನ್ನು ಒರೆಸಿಡಿಸಿದ್ದರು. ಮಗನ ಓದು ಮುಗಿಯಲಿ, ಅನಂತರ ಒಳ್ಳೆಯ ಬೆಲೆಗೆ ಕೊಡೋಣ ಎಂಬುದು ಅವರ ಲೆಕ್ಕಾಚಾರ. ಅಷ್ಟರೊಳಗೆ ಹಿರಿಯ ಸಹಾಯಕ ಎರಡು ಕಟ್ಟಡಗಳಾಚೆಯ ಇನ್ನೊಬ್ಬ ಸಿ.ಎ.ಯ ಬಳಿ ಸೇರಿಕೊಂಡಿದ್ದ. ಗ್ರಾಹಕರಲ್ಲಿ ಬಹುಪಾಲು ಅವನ ಹಿಂದೆಯೇ ಹೋಗಿದ್ದರು. ಮಾರುವುದಕ್ಕೆ ಉಳಿದದ್ದು ಎರಡು ಉಕ್ಕಿನ ಕಪಾಟು, ಒಂದು ಕಂಪ್ಯೂಟರ್. ಪತಿಯ ಹೆಸರಿನ ಸಂಸ್ಥೆಯೂ ಕಾಗದದ ಮೇಲೆ ಉಳಿದಿರಲಿಲ್ಲ. ಅದೇಕೆಂಬುದನ್ನು ಮುಂದೆ ಹೇಳುತ್ತೇವೆ. ಆಕೆ ಮಾಡಿದ ಖರ್ಚಿನಲ್ಲಾಗಲಿ, ತೋರಿದ ಶ್ರದ್ಧೆಯಲ್ಲಾಗಲಿ ತಪ್ಪಿರಲಿಲ್ಲ. ಮನೆ, ಚಿನ್ನಗಳಂತೆ ಕಚೇರಿಯೂ ಕಾದಷ್ಟು ಬೆಲೆ ಏರುವ ಸ್ವತ್ತು ಎಂದು ಎಣಿಸಿದ್ದೇ ತಪ್ಪಾಯಿತು.

ಮಾರುವುದು ಯಾವುದನ್ನು?

ಒಬ್ಬರೇ ನಡೆಸುವ ಸಂಸ್ಥೆಗೆ, ಅಂದರೆ ಪ್ರೊಪ್ರೈಟರಿ ಸಂಸ್ಥೆಗೆ, ಕಾನೂನಿನ ದೃಷ್ಟಿಯಲ್ಲಿ ಯಜಮಾನರಿಗಿಂತ ಬೇರೆಯಾದ ಅಸ್ತಿತ್ವವಿಲ್ಲ. ಬೋರ್ಡಿನ ಮೇಲೆ 'ಅಂಡ್ ಕಂಪನಿ' ಎಂದಿದ್ದರೂ ಅದು ಕಂಪನಿಯಲ್ಲ. ಪ್ಯಾನ್ ಅವರದು, ಬ್ಯಾಂಕ್ ಖಾತೆ ಅವರದು, ಸಾಲವೂ ಅವರದೇ. ಅವರು ತೀರಿಕೊಂಡ ಕ್ಷಣದಲ್ಲಿ ಸಂಸ್ಥೆಯೂ ನಿಲ್ಲುತ್ತದೆ. ಅನಂತರ ಉಳಿಯುವುದು ಬಿಡಿ ಸ್ವತ್ತುಗಳು: ಪೀಠೋಪಕರಣ, ಬರಬೇಕಾದ ಬಾಕಿ ಶುಲ್ಕ, ಕೋಣೆಯ ಮೇಲಿನ ಹಕ್ಕು, ಇವೆಲ್ಲಕ್ಕಿಂತ ಹೆಚ್ಚಾಗಿ ಗುಡ್‌ವಿಲ್.

ಗುಡ್‌ವಿಲ್ ಎಂದರೆ ಹಳೆಯ ಗಿರಾಕಿಗಳು ಹಳೆಯ ಜಾಗಕ್ಕೇ ಮತ್ತೆ ಬರುವ ಸಂಭವ ಎಂಬರ್ಥದ ಮಾತನ್ನು ಇಂಗ್ಲೆಂಡಿನ ಲಾರ್ಡ್ ಎಲ್ಡನ್ 1810ರಷ್ಟು ಹಿಂದೆಯೇ ಒಂದು ತೀರ್ಪಿನಲ್ಲಿ ಹೇಳಿದ್ದರು. ಅಂಗಡಿಗೆ ಇದು ಸರಿಯಾಗಿಯೇ ಒಪ್ಪುತ್ತದೆ. ಮೂಲೆಯಂಗಡಿಯ ಶೆಟ್ಟರು ಬದಲಾದರೂ ಅಕ್ಕಿ ಬೇಕಾದವರು ಅಲ್ಲಿಗೇ ಬರುತ್ತಾರೆ. ಸಲಹಾ ಕಚೇರಿಗೆ ಜನ ಬರುವುದು ಜಾಗವನ್ನು ನೋಡಿ ಅಲ್ಲ, ವ್ಯಕ್ತಿಯನ್ನು ನಂಬಿ. ಆ ವ್ಯಕ್ತಿಯೇ ಇಲ್ಲದಾದಾಗ ಗ್ರಾಹಕರು ಕೆಲವು ವಾರ ಕಾಯುತ್ತಾರೆ. ಶ್ರದ್ಧಾಂಜಲಿಯ ಮಾತು ಆಡುತ್ತಾರೆ, ಕಷ್ಟವೇನಾದರೂ ಇದ್ದರೆ ಹೇಳಿ ಎನ್ನುತ್ತಾರೆ. ಮುಂದಿನ ತಿಂಗಳ ಜಿ.ಎಸ್.ಟಿ. ಲೆಕ್ಕ ಸಲ್ಲಿಸುವ ದಿನ ಬಂದಾಗ ಮಾತ್ರ ಅವರಿಗೆ ಯಾರಾದರೂ ಬೇಕೇ ಬೇಕು. ಕಚೇರಿಗೆ ಫೋನ್ ಮಾಡಿದಾಗ ಸಮರ್ಥರೊಬ್ಬರು ಉತ್ತರಿಸಿದರೆ ಗ್ರಾಹಕ ಉಳಿಯುತ್ತಾನೆ. ಕೊಳ್ಳುವವರು ಹಣ ಕೊಡುವುದು ಹಳೆಯ ಕಡತಗಳಿಗೆ ಅಲ್ಲ, ಗ್ರಾಹಕರ ಮುಂದೆ 'ಇನ್ನು ಮೇಲೆ ಇವರು ನೋಡಿಕೊಳ್ಳುತ್ತಾರೆ' ಎಂದು ಕುಟುಂಬದವರು ಹೇಳುವ ಆ ಒಂದು ಮಾತಿಗೆ. ಗ್ರಾಹಕ ಬೇರೆ ಕಡೆ ಹೋದ ಮೇಲೆ ಆ ಮಾತಿಗೆ ಬೆಲೆಯಿಲ್ಲ.

ಮಾರುವ ಹಕ್ಕು ಯಾರದು?

ಉತ್ತರಕ್ರಿಯೆಯ ದಿನವೇ ಕೊಳ್ಳುವ ಪ್ರಸ್ತಾಪ ಬಂದ ಸಂದರ್ಭಗಳನ್ನು ನಾವು ಕಂಡಿದ್ದೇವೆ. ಪ್ರಸ್ತಾಪ ಮಾಡಿದವರೆಲ್ಲ ಕೆಟ್ಟವರೆಂದಲ್ಲ. ಆದರೆ ಅಂದು ಯಾವ ಕಾಗದಕ್ಕೂ ಸಹಿ ಹಾಕಕೂಡದು. ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂಬುದು ಮೊದಲು ತೀರ್ಮಾನವಾಗಬೇಕು.

ಉಯಿಲು ಇದ್ದರೆ ಅದರಲ್ಲಿ ಹೆಸರಿಸಿದ ನಿರ್ವಾಹಕರು ಮುಂದುವರಿಯುತ್ತಾರೆ. ಮುಂಬಯಿ, ಚೆನ್ನೈ, ಕೋಲ್ಕತ್ತಾಗಳಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಪಡೆಯುವುದು ದೀರ್ಘಕಾಲ ಕಡ್ಡಾಯವಾಗಿತ್ತು. ಅದಕ್ಕೆ ಆಧಾರವಾಗಿದ್ದ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 213ನೆಯ ಕಲಮನ್ನು ಸಂಸತ್ತು 2025ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಉಯಿಲು ಇಲ್ಲದಿದ್ದರೆ ಹಿಂದೂ ಕುಟುಂಬಗಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಅದರ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆಗೆ ತಾಯಿಯೂ ಸೇರಿದ್ದಾರೆ, ತಂದೆ ಸೇರಿಲ್ಲ. ಕುಂದಾಪುರದ ಕಡೆಯ ಹಳ್ಳಿಯಲ್ಲಿರುವ ಎಂಬತ್ತೈದರ ವೃದ್ಧೆಗೆ ಮುಂಬಯಿಯ ಕಚೇರಿಯಲ್ಲಿ ಸಮಪಾಲು ಇದೆಯೆಂಬುದು ಎಷ್ಟೋ ಮನೆಗಳಲ್ಲಿ ಯಾರ ಗಮನಕ್ಕೂ ಬಂದಿರುವುದಿಲ್ಲ. ಕೊಳ್ಳುವವರ ವಕೀಲರು ಆಕೆಯ ಸಹಿ ಕೇಳಿದಾಗ ಮನೆಯವರು ಗಾಬರಿಗೊಳ್ಳುತ್ತಾರೆ. ಮೊದಲೇ ತಿಳಿದಿದ್ದರೆ ಊರಿಗೆ ಹೋದಾಗಲೇ ಅವರಿಗೆ ವಿಷಯ ತಿಳಿಸಿ ಒಪ್ಪಿಗೆ ಪತ್ರ ಮಾಡಿಸಿಕೊಳ್ಳಬಹುದು.

ಬ್ಯಾಂಕ್ ಖಾತೆಗೆ ನಾಮಿನಿಯಾಗಿರುವವರು ತಾವೇ ಒಡೆಯರೆಂದು ಭಾವಿಸುವುದುಂಟು. ನಾಮಿನಿಗೆ ಹಣವನ್ನು ಪಡೆದುಕೊಳ್ಳುವ ಅಧಿಕಾರವಿದೆ, ಒಡೆತನ ವಾರಸುದಾರರದು. ಕಂಪನಿಯ ಷೇರುಗಳ ವಿಷಯದಲ್ಲಿಯೂ ಸರ್ವೋಚ್ಚ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ಇದೇ ನಿಲುವನ್ನು ಎತ್ತಿಹಿಡಿಯಿತು.

ಇನ್ನೊಂದು ಸಾಮಾನ್ಯ ತಪ್ಪನ್ನು ಇಲ್ಲಿಯೇ ಹೇಳಬೇಕು. ಯಜಮಾನರು ಬದುಕಿದ್ದಾಗ ಹೆಂಡತಿಗೋ ಹಿರಿಯ ಸಹಾಯಕನಿಗೋ ಮುಖ್ತ್ಯಾರ ಪತ್ರ ಬರೆದುಕೊಟ್ಟಿರುತ್ತಾರೆ. 1872ರ ಕರಾರು ಕಾಯಿದೆಯ 201ನೆಯ ಕಲಮಿನಂತೆ, ಅಧಿಕಾರ ಕೊಟ್ಟವರು ತೀರಿಕೊಂಡೊಡನೆ ಅದು ಮುಗಿಯುತ್ತದೆ. ಆ ಮೇಲೆ ಅದರ ಬಲದಿಂದ ಚೆಕ್ ಬರೆಯುವುದು, ಮೊದಲೇ ಸಹಿ ಹಾಕಿಟ್ಟ ಚೆಕ್ ಹಾಳೆಗಳನ್ನು ಬಳಸುವುದು, ಯಜಮಾನರ ಮೊಬೈಲಿಗೆ ಬರುವ ಒ.ಟಿ.ಪಿ.ಯಿಂದ ಹಣ ವರ್ಗಾಯಿಸುವುದು ಇವೆಲ್ಲ ಮುಂದೆ ವಾರಸುದಾರರ ನಡುವೆಯೇ ವ್ಯಾಜ್ಯಕ್ಕೆ ಬೀಜವಾಗುತ್ತವೆ. ಸಂಬಳ, ಬಾಡಿಗೆಗಳಿಗಾಗಿ ಕೆಲವು ತಿಂಗಳ ಹಣವನ್ನು ಕುಟುಂಬದವರು ತಮ್ಮ ಖಾತೆಯಿಂದಲೇ ಹಾಕಿ ಲೆಕ್ಕ ಬರೆದಿಡುವುದು ಮೇಲು.

ಬಾಕಿ ಶುಲ್ಕದ ವಸೂಲಿಗೂ ಮಿತಿಯಿದೆ. ಗ್ರಾಹಕರು ತಾವಾಗಿ ಕೊಟ್ಟರೆ ಸರಿ. ಕೊಡದಿದ್ದರೆ, ಉತ್ತರಾಧಿಕಾರ ಕಾಯಿದೆಯ 214ನೆಯ ಕಲಮಿನಂತೆ ಉತ್ತರಾಧಿಕಾರ ಪ್ರಮಾಣಪತ್ರ ಅಥವಾ ಅಂಥ ಅಧಿಕಾರಪತ್ರವಿಲ್ಲದೆ ನ್ಯಾಯಾಲಯ ವಾರಸುದಾರರ ಪರವಾಗಿ ಡಿಕ್ರಿ ಕೊಡದು. ಆದ್ದರಿಂದ ಸಣ್ಣ ಸಣ್ಣ ಬಾಕಿಗಳನ್ನು ಸೌಹಾರ್ದದಿಂದ ಮೊದಲ ತಿಂಗಳುಗಳಲ್ಲೇ ಕೇಳಿ ಪಡೆಯಬೇಕು. ಆ ದಿನಗಳಲ್ಲಿ ಗ್ರಾಹಕರಿಗೂ ದಾಕ್ಷಿಣ್ಯವಿರುತ್ತದೆ.

ಸಿ.ಎ. ಕಚೇರಿಗೆ ಒಂದು ವರ್ಷದ ಗಡುವು

ಮೇಲೆ ಹೇಳಿದ ಮಹಿಳೆಗೆ ತಿಳಿದಿರದಿದ್ದ ನಿಯಮ ಇದು. ಸಿ.ಎ.ಗಳ ವೃತ್ತಿಯನ್ನು 1949ರ ಕಾಯಿದೆ ಮತ್ತು ಅದರಡಿ ಸ್ಥಾಪಿತವಾದ ಇನ್‌ಸ್ಟಿಟ್ಯೂಟ್ ನಿಯಂತ್ರಿಸುತ್ತವೆ. ಒಂಟಿಯಾಗಿ ವೃತ್ತಿ ನಡೆಸುತ್ತಿದ್ದ ಸಿ.ಎ. ತೀರಿಕೊಂಡರೆ ಅವರ ಸಂಸ್ಥೆಯ ಗುಡ್‌ವಿಲ್ಲನ್ನು ಅರ್ಹನಾದ ಇನ್ನೊಬ್ಬ ಸದಸ್ಯನಿಗೆ ಮಾರಲು ಇನ್‌ಸ್ಟಿಟ್ಯೂಟಿನ ಕೌನ್ಸಿಲ್ ಅವಕಾಶ ಕೊಟ್ಟಿದೆ. 1998ರ ಆಗಸ್ಟ್ 30ರಂದು ಅಥವಾ ಆ ಮೇಲೆ ಸಂಭವಿಸಿದ ಮರಣಗಳಲ್ಲಿ ಮಾರಾಟವು ಎಲ್ಲ ರೀತಿಯಿಂದ ಮುಗಿದು, ಅದೇ ಹೆಸರಿನಲ್ಲಿ ವೃತ್ತಿ ನಡೆಸಲು ಕೊಂಡವರು ಅನುಮತಿ ಕೋರುವುದು ಮರಣದ ದಿನದಿಂದ ಒಂದು ವರ್ಷದೊಳಗೆ ಆಗಬೇಕು. ಅಲ್ಲಿಯವರೆಗೆ ಮಾತ್ರ ಸಂಸ್ಥೆಯ ಹೆಸರನ್ನು ಬೇರೆಯವರಿಗೆ ಕೊಡದೆ ಕಾದಿರಿಸುತ್ತಾರೆ. ವಾರಸುದಾರರಲ್ಲಿ ವಿವಾದವಿದ್ದರೆ, ವಿವಾದವಿದೆಯೆಂಬ ಸುದ್ದಿಯನ್ನು ಆ ಒಂದು ವರ್ಷದೊಳಗೇ ಇನ್‌ಸ್ಟಿಟ್ಯೂಟಿಗೆ ತಲುಪಿಸಬೇಕು. ಆಗ ವಿವಾದ ಬಗೆಹರಿದ ದಿನದಿಂದ ಒಂದು ವರ್ಷದ ಕಾಲಾವಕಾಶ ದೊರೆಯುತ್ತದೆ. ಸುಮ್ಮನಿದ್ದರೆ ಏನೂ ದೊರೆಯದು. ಮೂವತ್ತು ವರ್ಷ ಗಳಿಸಿದ ಹೆಸರು ಕಡತದಿಂದ ಅಳಿಸಿಹೋಗುತ್ತದೆ.

ಇದಕ್ಕೆ ಸೇರಿದ ಎರಡನೆಯ ಮಾತು ಹಣ ಪಾವತಿಯ ರೀತಿಗೆ ಸಂಬಂಧಿಸಿದ್ದು. ಸಿ.ಎ. ತನ್ನ ಶುಲ್ಕವನ್ನು ಸದಸ್ಯರಲ್ಲದವರೊಡನೆ ಹಂಚಿಕೊಳ್ಳುವಂತಿಲ್ಲ. ಪಾಲುದಾರಿಕೆಯಲ್ಲಿದ್ದ ಸಿ.ಎ. ತೀರಿಕೊಂಡರೆ ಅವರ ಕಾನೂನುಬದ್ಧ ಪ್ರತಿನಿಧಿಗೆ ಉಳಿದ ಪಾಲುದಾರರು ಪಾಲು ಕೊಡಬಹುದೆಂದು ಕಾಯಿದೆಯ ಅನುಸೂಚಿಯೇ ಹೇಳುತ್ತದೆ. ಒಂಟಿ ಸಿ.ಎ.ಯ ವಿಧವೆಗೆ ಆ ಸೌಲಭ್ಯವಿಲ್ಲ. 'ಪ್ರತಿ ವರ್ಷ ಬರುವ ಶುಲ್ಕದಲ್ಲಿ ನಿಮಗೆ ಕಾಲುಭಾಗ ಕೊಡುತ್ತೇನೆ' ಎಂದು ಯಾರಾದರೂ ಹೇಳಿದರೆ ಅದು ಉದಾರವಾಗಿ ಕೇಳಿಸಿದರೂ ಒಪ್ಪಬಾರದು. ಗುಡ್‌ವಿಲ್ಲಿಗೆ ಬೆಲೆ ನಿಗದಿಪಡಿಸಿ, ಅದನ್ನು ಕಂತುಗಳಲ್ಲಿ ಕೊಡುವುದೆಂದು ಮಾರಾಟದ ಕರಾರಿನಲ್ಲೇ ಬರೆಯುವುದು ಸರಿಯಾದ ದಾರಿ. ವಕೀಲರಿಗೂ ವಕೀಲರಲ್ಲದವರೊಡನೆ ಶುಲ್ಕ ಹಂಚುವುದು ನಿಷಿದ್ಧ. ಕಾರ್ಮಿಕ ಸಲಹೆ, ಎಂಜಿನಿಯರಿಂಗ್ ಸಲಹೆ, ಆಮದು-ರಫ್ತು ಸಲಹೆಗಳಂಥ ಕೆಲಸಗಳಲ್ಲಿ ಈ ನಿರ್ಬಂಧವಿಲ್ಲ. ಅಲ್ಲಿ ಉಳಿದ ಗ್ರಾಹಕರ ಶುಲ್ಕಕ್ಕೆ ಅನುಗುಣವಾಗಿ ಎರಡು ಮೂರು ವರ್ಷ ಹಣ ಪಡೆಯುವ ಒಪ್ಪಂದ ಮಾಡಿಕೊಳ್ಳಬಹುದು. ಕೊಳ್ಳುವವರೂ ಅದನ್ನೇ ಇಷ್ಟಪಡುತ್ತಾರೆ.

ಪಾಲುದಾರಿಕೆ ಎಂದಾಗ ಒಂದು ಎಚ್ಚರಿಕೆ. ಇಬ್ಬರೇ ಪಾಲುದಾರರಿದ್ದು ಒಬ್ಬರು ತೀರಿಕೊಂಡರೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾಲುದಾರಿಕೆ ಮುಗಿಯುತ್ತದೆ, ಏಕೆಂದರೆ ಒಬ್ಬರಿಂದ ಪಾಲುದಾರಿಕೆ ಆಗದು. ಉಳಿದವರು ಲೆಕ್ಕ ತೀರಿಸದೆ ಅದೇ ಬಂಡವಾಳದಲ್ಲಿ ವ್ಯವಹಾರ ಮುಂದುವರಿಸಿದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, 1932ರ ಪಾಲುದಾರಿಕೆ ಕಾಯಿದೆಯ 37ನೆಯ ಕಲಮಿನಂತೆ ಲಾಭದ ತಕ್ಕ ಭಾಗವನ್ನಾಗಲಿ, ಮೃತರ ಪಾಲಿನ ಮೇಲೆ ವರ್ಷಕ್ಕೆ ಶೇ. 6ರ ಬಡ್ಡಿಯನ್ನಾಗಲಿ ಕೇಳುವ ಹಕ್ಕು ಕುಟುಂಬಕ್ಕೆ ಇದೆ.

ಮಾರಲಾಗದವು

ಕಂಪನಿಯೊಂದರ ಶಾಸನಬದ್ಧ ಲೆಕ್ಕಪರಿಶೋಧನೆಯನ್ನು ಯಾರೂ ಮಾರಲಾರರು. ಪರಿಶೋಧಕರು ತೀರಿಕೊಂಡರೆ ಆ ಸ್ಥಾನವನ್ನು 2013ರ ಕಂಪನಿ ಕಾಯಿದೆಯ 139(8)ನೆಯ ಕಲಮಿನಂತೆ ಕಂಪನಿಯ ನಿರ್ದೇಶಕ ಮಂಡಲಿ 30 ದಿನಗಳೊಳಗೆ ತುಂಬಬೇಕು. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಪರಿಶೋಧಕರನ್ನು ಸರ್ಕಾರದ ಪಟ್ಟಿಯಲ್ಲಿರುವವರಿಂದ ಆಯ್ದು ಮಹಾಸಭೆ ನೇಮಿಸುತ್ತದೆ. ಕೊಂಡವರನ್ನು ಅಲ್ಲಿ ಪರಿಚಯಿಸಬಹುದು. ನೇಮಕ ಮಾಡುವವರು ಅವರೇ. ಹೀಗಾಗಿ ಕಂಪನಿಗಳ ವಿಷಯದಲ್ಲಿ ಮೊದಲ ತಿಂಗಳೇ ನಿರ್ಣಾಯಕ. ಆ ಮೂವತ್ತು ದಿನಗಳಲ್ಲಿ ಮಂಡಲಿ ಬೇರೆಯವರನ್ನು ನೇಮಿಸಿಕೊಂಡರೆ ಆ ಕೆಲಸ ಕೈಬಿಟ್ಟಂತೆಯೇ.

ಗ್ರಾಹಕರು ತಂದುಕೊಟ್ಟ ಮೂಲ ದಸ್ತಾವೇಜುಗಳು ಗ್ರಾಹಕರವು. ಅವುಗಳನ್ನು ಪಟ್ಟಿ ಮಾಡಿ, ರಸೀದಿ ಪಡೆದು, ಬೇಕೆಂದವರಿಗೆ ಹಿಂದಿರುಗಿಸಬೇಕು. ಯಜಮಾನರು ತಾವೇ ಸಿದ್ಧಪಡಿಸಿದ ಪರಿಶೋಧನೆಯ ಟಿಪ್ಪಣಿಗಳು ಕಚೇರಿಯವು. ಅವನ್ನು ವರದಿಯ ದಿನಾಂಕದಿಂದ ಕನಿಷ್ಠ 7 ವರ್ಷ ಉಳಿಸಬೇಕೆಂಬುದು ವೃತ್ತಿಯ ನಿಯಮ. ಆದ್ದರಿಂದ ಕೋಣೆ ತೆರವು ಮಾಡುವ ಅವಸರದಲ್ಲಿ ರದ್ದಿಯವನನ್ನು ಕರೆಯಬಾರದು. ಗ್ರಾಹಕರ ಪಾಸ್‌ವರ್ಡುಗಳನ್ನು ಬರೆದಿಟ್ಟ ನೋಟುಬುಕ್ಕು ಪ್ರತಿಯೊಂದು ಇಂಥ ಕಚೇರಿಯಲ್ಲಿಯೂ ಇದ್ದೇ ಇರುತ್ತದೆ. ಅದನ್ನು ಗ್ರಾಹಕರ ಸಮ್ಮತಿಯಿಲ್ಲದೆ ಕೊಳ್ಳುವವರ ಕೈಗೆ ಕೊಡಬಾರದು. ಗ್ರಾಹಕರಿಗೆ ತಿಳಿಸಿ ಬದಲಾಯಿಸಿಕೊಳ್ಳಲು ಹೇಳಬೇಕು.

ಯಜಮಾನರ ಡಿಜಿಟಲ್ ಸಹಿಯ ಸಾಧನ ಮೇಜಿನ ಸೆಳೆಖಾನೆಯಲ್ಲಿ ಸಿಕ್ಕುತ್ತದೆ, ಅದರ ಗುಪ್ತಸಂಖ್ಯೆ ಸಹಾಯಕನಿಗೆ ಗೊತ್ತಿರುತ್ತದೆ. 'ಈ ಒಂದು ಫಾರ್ಮ್ ಕಳುಹಿಸಿಬಿಡೋಣ, ನಾಳೆ ಕೊನೆಯ ದಿನ' ಎಂಬ ಒತ್ತಡವೂ ಬರುತ್ತದೆ. ಗತಿಸಿದವರ ಸಹಿಯಲ್ಲಿ ಏನನ್ನೂ ಕಳುಹಿಸಬಾರದು. ಇನ್ನೊಬ್ಬರ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಬಳಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಪಡಿಸುವ ಅಪರಾಧ. ಸದುದ್ದೇಶದಿಂದ ಮಾಡಿದೆವೆಂದು ಆ ಮೇಲೆ ವಾದಿಸುವ ಪ್ರಸಂಗವೇ ಬೇಡ.

ಹಿರಿಯ ಸಹಾಯಕ

ಎಲ್ಲ ಮಾರಾಟಗಳ ಕೀಲಿ ಇವರ ಕೈಯಲ್ಲಿದೆ ಎಂಬುದು ನಮ್ಮ ಅನುಭವ. ಗ್ರಾಹಕರ ಮನೆಯ ಕಷ್ಟಸುಖ, ಯಾರ ಲೆಕ್ಕ ಎಲ್ಲಿ ನಿಂತಿದೆ, ಯಾರು ಶುಲ್ಕ ಕೊಡಲು ಸತಾಯಿಸುತ್ತಾರೆ ಎಲ್ಲವೂ ಅವರಿಗೆ ಗೊತ್ತು. ಸಂಬಳದ ಬಗ್ಗೆ ಯಾರೂ ಮಾತೆತ್ತದಿದ್ದರೆ ಅವರು ಬೇರೆ ಕೆಲಸ ಹುಡುಕುವುದು ಸಹಜ, ಅವರಿಗೂ ಸಂಸಾರವಿದೆ. ಗ್ರಾಹಕರನ್ನು ಕರೆದೊಯ್ಯಬಾರದೆಂದು ನೇಮಕಾತಿ ಪತ್ರದಲ್ಲಿ ಬರೆದಿದ್ದರೂ ಪ್ರಯೋಜನ ಕಡಿಮೆ. ಕೆಲಸ ಬಿಟ್ಟ ಮೇಲೆ ಅದೇ ವೃತ್ತಿ ಮಾಡಬಾರದೆಂಬ ಷರತ್ತು ಕರಾರು ಕಾಯಿದೆಯ 27ನೆಯ ಕಲಮಿನ ಮುಂದೆ ನಿಲ್ಲುವುದಿಲ್ಲ. ಅದೇ ಕಲಮು ಗುಡ್‌ವಿಲ್ ಮಾರಿದವರಿಗೆ ಮಾತ್ರ ಒಂದು ಅಪವಾದವನ್ನಿಟ್ಟಿದೆ: ನಿರ್ದಿಷ್ಟ ಪ್ರದೇಶದೊಳಗೆ ಅದೇ ವ್ಯವಹಾರ ಮಾಡುವುದಿಲ್ಲವೆಂದು ಅವರು ಒಪ್ಪಿಕೊಳ್ಳಬಹುದು, ಆ ಮಿತಿ ನ್ಯಾಯೋಚಿತವಾಗಿರಬೇಕು. ಅಂದರೆ ಈ ಕಲಮಿನ ಬಲದಿಂದ ಮಗನನ್ನು ಕಟ್ಟಿಹಾಕಬಹುದು, ಗುಮಾಸ್ತನನ್ನಲ್ಲ.

ಹಾಗಾಗಿ ಗುಮಾಸ್ತರನ್ನು ಉಳಿಸಿಕೊಳ್ಳುವ ದಾರಿ ಕಾನೂನಿನದಲ್ಲ, ನಡವಳಿಕೆಯದು. ಮೊದಲ ವಾರದಲ್ಲೇ ಕರೆದು ಮೂರು ತಿಂಗಳ ಸಂಬಳ ಖಂಡಿತವಾಗಿ ಸಿಗುತ್ತದೆಂದು ಹೇಳಬೇಕು. ಮಾರಾಟ ಸುಸೂತ್ರವಾಗಿ ನಡೆದರೆ ಬೆಲೆಯಲ್ಲಿ ಅವರಿಗೂ ಇಂತಿಷ್ಟು ಮೊತ್ತ ಕೊಡುವುದಾಗಿ ಬರೆದುಕೊಡಬಹುದು. ಕೊಳ್ಳುವವರು ಅವರನ್ನು ಕೆಲಸದಲ್ಲಿ ಮುಂದುವರಿಸಬೇಕೆಂಬ ಷರತ್ತನ್ನೂ ಸೇರಿಸಬಹುದು. ಕೆಲವು ಸಂದರ್ಭಗಳಲ್ಲಿ ಅವರೇ ಅತ್ಯುತ್ತಮ ಕೊಳ್ಳುಗರು. ತೆರಿಗೆ ವಿವರಣೆ ಸಲ್ಲಿಸುವಂಥ, ಸಿ.ಎ. ಪದವಿ ಬೇಕಿಲ್ಲದ ಕೆಲಸಗಳನ್ನು ಅವರಿಗೆ ಕಂತಿನ ಮೇಲೆ ಕೊಟ್ಟು, ಪರಿಶೋಧನೆಯ ಕೆಲಸವನ್ನು ಬೇರೊಬ್ಬ ಸಿ.ಎ.ಗೆ ಕೊಟ್ಟ ಕುಟುಂಬವೊಂದು ನಮಗೆ ಗೊತ್ತು. ಎರಡೂ ಕಡೆಯಿಂದ ಕಂತುಗಳು ತಪ್ಪದೆ ಬಂದವು.

ಬೆಲೆಯ ಲೆಕ್ಕ

ವರ್ಷವರ್ಷವೂ ಮರಳಿ ಬರುವ ಶುಲ್ಕವನ್ನು ಆಧಾರವಾಗಿಟ್ಟುಕೊಂಡು, ಅದರ ಇಂತಿಷ್ಟು ಪಟ್ಟು ಎಂದು ಬೆಲೆ ಕಟ್ಟುವುದು ಈ ವೃತ್ತಿಗಳಲ್ಲಿ ರೂಢಿಯ ಕ್ರಮ. ಆ ಪಟ್ಟು ಎಷ್ಟೆಂಬುದಕ್ಕಿಂತ ಆಧಾರದ ಮೊತ್ತ ಯಾವುದೆಂಬುದರಲ್ಲೇ ಹೆಚ್ಚಿನ ಚೌಕಾಸಿ ನಡೆಯುತ್ತದೆ. ಉದಾಹರಣೆಗೆ ಕಚೇರಿಯೊಂದರ ವರ್ಷದ ಶುಲ್ಕ 30 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ಅದರಲ್ಲಿ 8 ಲಕ್ಷ ಕಂಪನಿಗಳ ಪರಿಶೋಧನೆಯದು. ಅದು ಮಂಡಲಿಗಳ ಮರ್ಜಿಗೆ ಬಿಟ್ಟದ್ದು. 5 ಲಕ್ಷ ಆ ವರ್ಷ ಮಾತ್ರ ಬಂದ ಬಿಡಿ ಕೆಲಸದ್ದು. 3 ಲಕ್ಷ ಯಜಮಾನರ ವೈಯಕ್ತಿಕ ಸಲಹೆಗೆಂದೇ ಬಂದದ್ದು. ಅದು ಅವರೊಡನೆಯೇ ಹೋಯಿತು. ಉಳಿದ 14 ಲಕ್ಷ ತಿಂಗಳು ತಿಂಗಳಿನ ಜಿ.ಎಸ್.ಟಿ., ಸಂಬಳ ಪಟ್ಟಿ, ವಾರ್ಷಿಕ ತೆರಿಗೆ ವಿವರಣೆಗಳದು. ಕೊಳ್ಳುವವರು ಬೆಲೆ ಕಟ್ಟುವುದು ಈ 14 ಲಕ್ಷಕ್ಕೆ. ಕುಟುಂಬದವರ ಮನಸ್ಸಿನಲ್ಲಿರುವುದು 30. ಈ ಅಂತರವನ್ನು ಮೊದಲೇ ಅರಿತಿದ್ದರೆ ಬಂದ ಪ್ರಸ್ತಾಪವನ್ನು ಅವಮಾನವೆಂದು ಎಣಿಸಿ ತಳ್ಳಿಹಾಕುವ ಪ್ರಮಾದ ತಪ್ಪುತ್ತದೆ.

ಆ 14 ಲಕ್ಷವೂ ಪ್ರತಿ ತಿಂಗಳು ಕರಗುತ್ತಿರುತ್ತದೆ. ಆದುದರಿಂದ ಮಾರಾಟ ಮುಗಿಯುವವರೆಗೆ ವೃತ್ತಿಬಂಧುವೊಬ್ಬರು ತಮ್ಮದೇ ಹೆಸರಿನಲ್ಲಿ, ತಮ್ಮದೇ ಜವಾಬ್ದಾರಿಯ ಮೇಲೆ ತುರ್ತು ಕೆಲಸಗಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಬೇಕು. ಅವರೇ ಮುಂದೆ ಕೊಳ್ಳುವವರಾದರೆ ಇನ್ನೂ ಅನುಕೂಲ. ಕರಾರಿನಲ್ಲಿ ಹಣದ ದೊಡ್ಡ ಭಾಗವನ್ನು ಸಹಿಯ ದಿನವೇ ಪಡೆಯಬೇಕೆಂದು ಹಠ ಹಿಡಿದರೆ ಬೆಲೆ ಇಳಿಯುತ್ತದೆ. ಎಲ್ಲವನ್ನೂ ಕಂತಿಗೆ ಬಿಟ್ಟರೆ ಅಪಾಯ ಹೆಚ್ಚುತ್ತದೆ. ನಡುವಿನ ದಾರಿಯನ್ನು ಆಯಾ ಕುಟುಂಬದ ಅಗತ್ಯ ನೋಡಿ ಗೊತ್ತುಮಾಡಬೇಕು. ಮಕ್ಕಳ ಓದಿನ್ನೂ ಮುಗಿಯದ ಮನೆಗೆ ಮುಂಗಡವೇ ಮುಖ್ಯವಾಗಬಹುದು.

ಹಿಂದಿನ ತಪ್ಪುಗಳ ಹೊಣೆ ಯಾರದೆಂಬುದನ್ನೂ ಕರಾರಿನಲ್ಲಿ ಬರೆಯಬೇಕು. ಕೊಂಡವರು ಹಳೆಯ ವರ್ಷಗಳ ಕೆಲಸದ ಹೊಣೆ ಹೊರುವುದಿಲ್ಲ. ವಾರಸುದಾರರ ಹೊಣೆಯೂ ತಮಗೆ ಬಂದ ಆಸ್ತಿಯ ಮಿತಿಯವರೆಗೆ ಮಾತ್ರ. ಅವರ ಸ್ವಂತ ಗಳಿಕೆಗೆ ಅದು ತಟ್ಟದು.

ತೆರಿಗೆ

ಗುಡ್‌ವಿಲ್ ಮೇಲಿನ ತೆರಿಗೆಯ ಇತಿಹಾಸದಲ್ಲಿ ಬೆಂಗಳೂರಿಗೆ ಒಂದು ಸ್ಥಾನವಿದೆ. ಅಲ್ಲಿನ ಅಗರಬತ್ತಿ ತಯಾರಕ ಸಂಸ್ಥೆಯೊಂದು ವಿಸರ್ಜನೆಯಾದಾಗ ಅದರ ಗುಡ್‌ವಿಲ್ಲಿಗೆ 1,50,000 ರೂ. ಬೆಲೆ ಕಟ್ಟಲಾಗಿತ್ತು. ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣವೆಂದು ಪ್ರಸಿದ್ಧವಾದ ಆ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 1981ರಲ್ಲಿ, ತಾನಾಗಿ ಬೆಳೆದ ಗುಡ್‌ವಿಲ್ಲಿಗೆ ಕೊಂಡ ಬೆಲೆ ಎಂಬುದೇ ಇಲ್ಲದ್ದರಿಂದ ಬಂಡವಾಳ ಲಾಭವನ್ನು ಎಣಿಸಲಾಗದು, ತೆರಿಗೆಯೂ ಇಲ್ಲ ಎಂದು ತೀರ್ಪಿತ್ತಿತು. ಸರ್ಕಾರ 1987ರ ಹಣಕಾಸು ಕಾಯಿದೆಯ ಮೂಲಕ ವ್ಯಾಪಾರದ ಗುಡ್‌ವಿಲ್ಲಿಗೆ ಕೊಂಡ ಬೆಲೆ ಶೂನ್ಯವೆಂದು ಬರೆದು ಆ ದಾರಿಯನ್ನು ಮುಚ್ಚಿತು. ವೃತ್ತಿಯ ಗುಡ್‌ವಿಲ್ ಆ ಮಾತಿನಲ್ಲಿ ಸೇರಿರಲಿಲ್ಲ. 2021ರ ಹಣಕಾಸು ಕಾಯಿದೆ ಅದನ್ನೂ ಸೇರಿಸಿತು. ಹಿಂದೆ ಯಾರೋ ತೆರಿಗೆಯಿಲ್ಲದೆ ಮಾರಿದರೆಂಬ ಮಾತನ್ನು ನಂಬಿ ಈಗ ಕೂರುವಂತಿಲ್ಲ. ಬಂದ ಬೆಲೆಯೆಲ್ಲವೂ ಲಾಭವೇ. ಗತಿಸಿದವರ ಕಾಲವನ್ನೂ ಸೇರಿಸಿ ಎಣಿಸುವುದರಿಂದ ಸಾಮಾನ್ಯವಾಗಿ ಅದು ದೀರ್ಘಾವಧಿಯ ಲಾಭವಾಗುತ್ತದೆ. 2024ರ ಜುಲೈ 23ರಿಂದ ಅದರ ದರ ಶೇ. 12.5, ಮೇಲೆ ಸೆಸ್.

ಬಾಕಿ ಶುಲ್ಕದ ಕಥೆ ಬೇರೆ. ವೃತ್ತಿ ನಿಂತ ಮೇಲೆ ಬಂದ ಶುಲ್ಕವನ್ನು ಪಡೆದವರ ಆದಾಯವೆಂದು ಆ ವರ್ಷವೇ ಎಣಿಸಬೇಕೆಂದು 1961ರ ಆದಾಯ ತೆರಿಗೆ ಕಾಯಿದೆಯ 176(4)ನೆಯ ಕಲಮು ಹೇಳುತ್ತದೆ. ಮರಣದ ದಿನದವರೆಗಿನ ಆದಾಯದ ವಿವರಣೆಯನ್ನು ಕಾನೂನುಬದ್ಧ ಪ್ರತಿನಿಧಿಯಾಗಿ ಇಲಾಖೆಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು ಸಲ್ಲಿಸಬೇಕು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆಗಳು ಬದಲಾಗಿರುವುದರಿಂದ ಸಲಹೆಗಾರರಲ್ಲಿ ಹೊಸ ಸಂಖ್ಯೆಗಳನ್ನೇ ಕೇಳಿ ತಿಳಿಯುವುದು ಒಳ್ಳೆಯದು. ಗ್ರಾಹಕರು ಶುಲ್ಕ ಕೊಡುವಾಗ ಶೇ. 10ರಷ್ಟು ಟಿ.ಡಿ.ಎಸ್. ಮುರಿದು ಗತಿಸಿದವರ ಪ್ಯಾನ್‌ಗೆ ಜಮೆ ಮಾಡುತ್ತಲೇ ಇರುತ್ತಾರೆ. ಆ ಜಮೆಯನ್ನು ವಾರಸುದಾರರು ಮರಳಿ ಪಡೆಯುವುದು ಶ್ರಮದ ಕೆಲಸ. ಮರಣದ ಸುದ್ದಿಯ ಜೊತೆಗೇ ಮುಂದೆ ಹಣ ಯಾರ ಹೆಸರಿಗೆ, ಯಾವ ಪ್ಯಾನ್‌ಗೆ ಎಂಬುದನ್ನು ಪತ್ರ ಮುಖೇನ ತಿಳಿಸಬೇಕು.

ಜಿ.ಎಸ್.ಟಿ. ನೋಂದಣಿ ಪ್ಯಾನ್‌ಗೆ ಅಂಟಿಕೊಂಡದ್ದು. ಹಳೆಯ ನೋಂದಣಿಯನ್ನು ರದ್ದುಗೊಳಿಸಲು ವಾರಸುದಾರರು ಅರ್ಜಿ ಹಾಕಬೇಕು. ಮುಂದುವರಿಸುವವರು ತಮ್ಮ ಪ್ಯಾನ್‌ನಲ್ಲಿ ಹೊಸ ನೋಂದಣಿ ಪಡೆಯಬೇಕು. ಖಾತೆಯಲ್ಲಿ ಉಳಿದ ತೆರಿಗೆ ಜಮೆಯನ್ನು ಐ.ಟಿ.ಸಿ.-02 ನಮೂನೆಯ ಮೂಲಕ ವರ್ಗಾಯಿಸಬಹುದೆಂದು 2019ರ ಮಾರ್ಚ್ 28ರ ಸುತ್ತೋಲೆ ಸ್ಪಷ್ಟಪಡಿಸಿದೆ. ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ ವರ್ಗಾಯಿಸಿದರೆ ಆ ವರ್ಗಾವಣೆಗೆ ಜಿ.ಎಸ್.ಟಿ. ವಿನಾಯಿತಿಯಿದೆ. ನಿಂತುಹೋದ ಕಚೇರಿಯ ಕುರ್ಚಿ, ಕಪಾಟುಗಳನ್ನು ಬಿಡಿಯಾಗಿ ಮಾರುವುದಕ್ಕೆ ಈ ವಿನಾಯಿತಿ ಸಲ್ಲದು.

ಕೋಣೆ

ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಪಗಡಿಯ ಮೇಲೆ ಪಡೆದ ಕೋಣೆಯ ಬೆಲೆ ವೃತ್ತಿಯ ಬೆಲೆಯನ್ನೇ ಮೀರಿಸುವುದುಂಟು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ, ವ್ಯವಹಾರಕ್ಕಾಗಿ ಕೊಟ್ಟ ಜಾಗದ ಬಾಡಿಗೆದಾರರು ತೀರಿಕೊಂಡರೆ, ಅವರೊಡನೆ ಅಲ್ಲಿಯೇ ವ್ಯವಹಾರ ಮಾಡುತ್ತಿದ್ದ ಕುಟುಂಬದ ಸದಸ್ಯರಿಗೆ ಮೊದಲ ಹಕ್ಕು, ಅಂಥವರಿಲ್ಲದಿದ್ದರೆ ವಾರಸುದಾರರಿಗೆ. ಬಾಡಿಗೆಯ ಹಕ್ಕನ್ನು ಬಿಟ್ಟುಕೊಡಲು ಹಣ ಪಡೆಯುವುದನ್ನು ಈ ಕಾಯಿದೆಯ 56ನೆಯ ಕಲಮು ಕಾನೂನುಬದ್ಧಗೊಳಿಸಿದೆ. ಕೋಣೆ ಮತ್ತು ವೃತ್ತಿ ಎರಡನ್ನೂ ಒಂದೇ ಮೊತ್ತಕ್ಕೆ ಕೇಳುವವರಿಗೆ ಎರಡಕ್ಕೂ ಪ್ರತ್ಯೇಕ ಬೆಲೆ ಬರೆದುಕೊಡಲು ಹೇಳಬೇಕು. ನಾವು ಆರಂಭದಲ್ಲಿ ಹೇಳಿದ ಮಹಿಳೆಗೆ ಕೊನೆಗೆ ಕೈಗೆ ಬಂದ ಹಣ ಕೋಣೆಯ ಹಕ್ಕಿನದು ಮಾತ್ರ.

ಬದುಕಿದ್ದಾಗಲೇ

ಕಚೇರಿಯನ್ನು ಎಲ್.ಎಲ್.ಪಿ.ಯಾಗಿ ಪರಿವರ್ತಿಸಿ ಕಿರಿಯರೊಬ್ಬರನ್ನು ಪಾಲುದಾರರನ್ನಾಗಿ ಸೇರಿಸಿಕೊಂಡರೆ ಒಬ್ಬರ ಮರಣದಿಂದ ಸಂಸ್ಥೆ ನಿಲ್ಲದು; ಆರು ತಿಂಗಳೊಳಗೆ ಎರಡನೆಯ ಪಾಲುದಾರರನ್ನು ತರಬೇಕು, ಅಷ್ಟೆ. ವೃತ್ತಿಯ ನಿಯಮ ಅಡ್ಡಬಾರದ ಸಲಹೆಗಾರರು 2013ರ ಕಂಪನಿ ಕಾಯಿದೆಯ ಏಕವ್ಯಕ್ತಿ ಕಂಪನಿಯನ್ನು ಆರಿಸಿಕೊಳ್ಳಬಹುದು. ಅದರಲ್ಲಿ ನಾಮಿನಿಯ ಹೆಸರನ್ನು ಆರಂಭದಲ್ಲೇ ಕೊಡಬೇಕಾಗುತ್ತದೆ. ಇವೆರಡೂ ಬೇಡವೆನ್ನುವವರು ಒಂದು ಪತ್ರವನ್ನಾದರೂ ಬರೆದಿಡಬೇಕೆಂದು ನಾವು ಹಿರಿಯರನ್ನು ಕೇಳಿಕೊಳ್ಳುತ್ತಿದ್ದೇವೆ.

ನಮ್ಮ ಹಿರಿಯ ಸದಸ್ಯರೊಬ್ಬರು ಅಂಥ ಪತ್ರವನ್ನು ನಮಗೆ ತೋರಿಸಿದ್ದರು. ಕನ್ನಡದಲ್ಲೇ ಬರೆದ ಎರಡು ಪುಟ. ಗ್ರಾಹಕರ ಪಟ್ಟಿ ಯಾವ ಕಡತದಲ್ಲಿದೆ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಮುಂಗಡ ಹಿಂದಿರುಗಿಸಬೇಕು, ಸಹಾಯಕಿಗೆ ಎಷ್ಟು ಕೊಡಬೇಕು, ಕೋಣೆಯ ರಸೀದಿಗಳು ಯಾವ ಪೆಟ್ಟಿಗೆಯಲ್ಲಿವೆ ಎಂಬುದೆಲ್ಲ ಅದರಲ್ಲಿತ್ತು. ಕೊನೆಯಲ್ಲಿ, ತಾವಿಲ್ಲದಾಗ ಮೊದಲು ಫೋನ್ ಮಾಡಬೇಕಾದ ಮೂವರು ವೃತ್ತಿಬಂಧುಗಳ ಹೆಸರು. ಮೂವರನ್ನೂ ಅವರು ಮುಖತಃ ಕಂಡು ಕೇಳಿದ್ದರು. ಅವರಲ್ಲೊಬ್ಬರು ತಮ್ಮ ಆರೋಗ್ಯವೂ ಸರಿಯಿಲ್ಲವೆಂದು ಒಪ್ಪಿರಲಿಲ್ಲ. ಆ ಹೆಸರಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಇನ್ನೊಬ್ಬರ ಹೆಸರನ್ನೂ ತಾರೀಕನ್ನೂ ಬರೆದಿದ್ದರು.